ಬಲಗಡೆಯ ಗಾಲಿ

"ನಮ್ಮಣ್ಣನ್ನ ಕೊಂದ ಗಾಡಿ ಮತ್ತ ರಿಪೇರಿ ಮಾಡ್ಲಿಕತ್ತಿ. ನಿನಗ ನಾಚಿಕಿ ಬರಂಗಿಲ್ಲೇನು?"

ಜಿಜಾಬಾಯಿ ಬಾಗಿಲಲ್ಲೇ ನಿಂತು ಕೇಳಿದಳು. ಪಕ್ಕದ ಮನೆಯವಳೇ, ಆದರೂ ನಲವತ್ತು ದಿನಗಳಿಂದ ಈ ಅಂಗಳಕ್ಕೆ ಕಾಲಿಟ್ಟಿರಲಿಲ್ಲ. ನರಸಿಂಗ ತಲೆ ಎತ್ತಲಿಲ್ಲ. ಮುರಿದ ಎಡಗೈಯನ್ನು ಕೊರಳಿಗೆ ಬಿಗಿದುಕೊಂಡು, ಒಂದೇ ಕೈಯಲ್ಲಿ, ಅಂಗಳದ ನಡುವೆ ನಿಂತಿದ್ದ ಆ ಜಜ್ಜಿಹೋದ ಕಾರಿಗೆ ಗಾಲಿ ಹಾಕುತ್ತಿದ್ದ.

"ಮಾರೀನಿ. ನಾಳಿ ಬಂದು ಎಳಕೊಂಡು ಹೋಗ್ತಾರ," ಎಂದ. "ನಾನೂ ನಾಳಿ ರೈಲಿಗಿ ಭಾಲ್ಕಿಗಿ ಹೋಗ್ತೇನಿ. ಅಲ್ಲಿ ಎಣ್ಣಿ ಗಿರಣ್ಯಾಗ ಕೆಲಸ ಸಿಕ್ಕದ."

"ಹೋಗು. ಹಾಳಾಗಿ ಹೋಗು."

ಅಂದಳೇನೋ ಹೌದು, ಕಾಲು ಮಾತ್ರ ಕದಲಲಿಲ್ಲ. ಬೈಯಲು ಬಂದವಳು ಅವನ ಗಲ್ಲ ಎಷ್ಟು ಒಳಗೆ ಹೋಗಿದೆ ಎಂದು ನೋಡುತ್ತ ನಿಂತಳು. ಮನಸ್ಸು ಅನ್ನೋದು ಎಂಥ ನಾಚಿಕೆಗೆಟ್ಟದ್ದು ನೋಡಿ!

ಎರಡೇ ಸೀಟಿನ ಕೆಂಪು ರೇಸ್ ಕಾರು ಅದು. ನಿಜಾಮರ ಕಾಲದಲ್ಲಿ ಜಹಗೀರದಾರರೊಬ್ಬರು ವಿಲಾಯತಿಯಿಂದ ತರಿಸಿದ್ದು. ಪೊಲೀಸ್ ಆ್ಯಕ್ಷನ್ ಆಗಿ ಅವರು ಬೀದರ ಬಿಟ್ಟು ಹೋಗುವಾಗ, ಕೆಟ್ಟು ನಿಂತಿದ್ದ ಕಾರನ್ನು ಡ್ರೈವರ್ ನರಸಿಂಗನಿಗೆ ಕೊಟ್ಟು ಹೋದರು. ಅದನ್ನು ಬಿಚ್ಚುವ ಮಿಸ್ತ್ರಿ ಇಡೀ ಬೀದರದಲ್ಲಿ ಒಬ್ಬನೂ ಇರಲಿಲ್ಲ. ನರಸಿಂಗ ಮನೆಯಂಗಳದಲ್ಲೇ ಒಂದೊಂದು ತಿರುಪು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಎರಡು ವರ್ಷ ಹೆಣಗಾಡಿ ಅದನ್ನು ಓಡಿಸಿಯೇ ಬಿಟ್ಟ.

ಜಿಜಾಬಾಯಿ ಮೊದಮೊದಲು ಬೆಂಕಿ ಕೇಳುವ ನೆವ ಹೇಳಿ ಬರುತ್ತಿದ್ದಳು. ಆಮೇಲೆ ನಟ್ಟು ಬಿಚ್ಚುವ ಪಾನಾ ಎತ್ತಿ ಕೊಡತೊಡಗಿದಳು. ಕೊನೆಗೆ ಪಾನಾ ಅವಳ ಕೈಯಲ್ಲೇ ಉಳಿಯಿತು. ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ಇವಳಿಗೆ ಕೈ ಗ್ರೀಸಾದರೆ ಸಾಕು, ಮುಖ ಅರಳುತ್ತಿತ್ತು. ಪ್ಲಗ್ಗಿನ ಮಸಿ ತಾನೇ ಕೆರೆದು, ತಾನೇ ಕೂಡಿಸಿದ ಎಂಜಿನ್ನು ಹ್ಯಾಂಡಲ್ಲು ಒಮ್ಮೆ ತಿರುಗಿಸುತ್ತಲೇ ಗುರ್ ಎಂದಾಗ ಅವಳಿಗೆ ಹೊಟ್ಟೆ ತುಂಬ ಉಂಡಷ್ಟು ತೃಪ್ತಿ. ರೊಟ್ಟಿ ಬಡಿದದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯರು. ಇದು ಮಾತ್ರ ಅವಳದೇ ಕೆಲಸವಾಗಿತ್ತು.

"ಮೂಗಿಗಿ ಗ್ರೀಸ್ ಹತ್ಯಾದ ನೋಡು," ಎನ್ನುತ್ತಿದ್ದ ನರಸಿಂಗ.

"ಒರಸು ಮತ್ತ."

"ನನ್ನ ಕೈಗೂ ಗ್ರೀಸೇ ಅದ."

"ಇದ್ದರ ಇರ್ಲಿ, ಒರಸು."

ಅವನು ಮೊಣಕೈಯಿಂದ ಒರಸುತ್ತಿದ್ದ. ಆ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಬಹಳ ಹೊತ್ತು ತಿರುಪು ಹುಡುಕುತ್ತಿದ್ದರು.

ಆ ಕಾರಿನ ಗಾಲಿಗೆ ನಡುವೆ ಒಂದೇ ದೊಡ್ಡ ನಟ್ಟು, ಅದಕ್ಕೆ ಎರಡು ಕಿವಿ. ತಾಮ್ರದ ಸುತ್ತಿಗೆಯಿಂದ ಕಿವಿಗೆ ಬಡಿದರೆ ಬಿಗಿಯಾಗುತ್ತದೆ. ಕಾರು ಯಾವಾಗಲೂ ಬಲಮಗ್ಗುಲನ್ನು ಗೋಡೆಗೆ ಒತ್ತಿಕೊಂಡು ನಿಲ್ಲುತ್ತಿದ್ದುದರಿಂದ ನರಸಿಂಗ ಆ ಕೆಲಸವನ್ನು ಎಡಗಡೆಯ ಗಾಲಿಗಳ ಮೇಲೆ ಕಲಿಸಿದ್ದ.

ನವೆಂಬರ್ ಒಂದನೆಯ ತಾರೀಖು ಬೀದರ ಮೈಸೂರು ರಾಜ್ಯಕ್ಕೆ ಸೇರಿತು. ಅವಳ ಅಣ್ಣ ಪಂಢರಿ ಔರಾದದಲ್ಲಿ ಮಾಸ್ತರ. ಅಂದು ಅವನ ಶಾಲೆಯಲ್ಲಿ ಝಂಡಾ ಏರಿಸಿ ಪೇಢೆ ಹಂಚುವವರಿದ್ದರು. "ಇವತ್ತ ಬಸ್ ಬ್ಯಾಡ, ಕಾರಿನ್ಯಾಗ ಹೋಗೋಣು. ಸಂಜಿಗಿ ಬಂದು ಅಪ್ಪನ ಮುಂದ ನಿಮ್ಮಿಬ್ಬರ ಮದಿವಿ ಮಾತು ತೆಗೀತೇನಿ," ಎಂದು ನರಸಿಂಗನಿಗೆ ಹೇಳಿದ್ದ. ಕಾರು ಆಗಲೇ ಓಣಿಯಲ್ಲಿ ನಿಂತಿತ್ತು. ಜಿಜಾಬಾಯಿ ಯಾರನ್ನೂ ಕೇಳದೆ ಸುತ್ತಿಗೆ ಹಿಡಿದು ನಾಲ್ಕೂ ಗಾಲಿ ಬಿಗಿದಳು.

ಔರಾದದ ದಾರಿಯಲ್ಲಿ ಸಂತಪುರ ದಾಟಿದ ಮೇಲೆ ಬಲಗಡೆಯ ಮುಂದಿನ ಗಾಲಿ ಕಳಚಿತು. ಕಾರು ಮಗುಚಿ ಪಂಢರಿ ಅಲ್ಲೇ ಸತ್ತ. "ದಾರ್ಯಾಗ ಪಂಕ್ಚರ್ ಆಗಿತ್ತು. ಗಾಲಿ ಬದಲಿ ಮಾಡಿ ನಾ ನೆಟ್ಟಗ ಬಿಗಿಲಿಲ್ಲ," ಎಂದು ಕೇಳಿದವರಿಗೆಲ್ಲ ನರಸಿಂಗ ಹೇಳಿದ. ಅವಳ ತಂದೆ ಕಾಶೀರಾಮ ಅವನ ಮುಖಕ್ಕೆ ಉಗುಳಿದ. ಅವನು ಒರಸಿಕೊಳ್ಳಲೂ ಇಲ್ಲ.

"ನಾ ಬಿಗಿದ ಗಾಲಿ ನೀ ಯಾಕ ಬಿಚ್ಚಿದಿ?" ಜಿಜಾಬಾಯಿ ಈಗ ಅಂಗಳದೊಳಗೆ ಬಂದೇ ಬಿಟ್ಟಳು. "ನಾ ಹ್ಯಾಂಗ ಬಿಗಿದಿದ್ದೆ ಗೊತ್ತೇನು? ನೋಡಿಲ್ಲಿ!"

ನೆಲದ ಮೇಲಿದ್ದ ಸುತ್ತಿಗೆ ಎತ್ತಿಕೊಂಡು ಬಲಗಡೆಯ ಹಿಂದಿನ ಗಾಲಿಯ ಮುಂದೆ ಕುಳಿತಳು.

"ಅದು ಮುಟ್ಟಬ್ಯಾಡ!" ನರಸಿಂಗ ಗಾಬರಿಯಿಂದ ಎದ್ದ. "ಜಿಜಾ, ನಿನ್ನ ಕಾಲಿಗಿ ಬೀಳ್ತೇನಿ, ಬಿಡು."

ಅವಳು ಬಡಿದಳು. ಒಂದು, ಎರಡು, ಮೂರು. ನಾಲ್ಕನೆಯ ಏಟಿಗೆ ನಟ್ಟು ಸಡಿಲವಾಗಿ ಬೆರಳಿಗೇ ತಿರುಗತೊಡಗಿತು.

ಅವಳು ಅದನ್ನು ತಿರುಗಿಸುತ್ತಲೇ ಇದ್ದಳು.

"ಬಲಗಡಿ ಗಾಲಿಗಿ ಎಡಗಡಿದರ ಉಲ್ಟಾ ಬಡೀಬೇಕು," ನರಸಿಂಗ ಮೆಲ್ಲಗೆ ಹೇಳಿದ. "ನಾ ನಿನಗ ಹೇಳಿದ್ದಿಲ್ಲ."

"ಪಂಕ್ಚರ್?"

"ಆಗಿದ್ದಿಲ್ಲ. ಈ ಹಿಂದಿನ ಗಾಲೀನೂ ಸಡಿಲಾಗಿತ್ತು. ಆಮ್ಯಾಲ ನಾ ಬಿಗಿದೆ."

ಜಿಜಾಬಾಯಿಗೆ ಅಳು ಬರಲಿಲ್ಲ. ಅಣ್ಣನನ್ನು ಕೊಂದವಳು ತಾನು.

"ಹೊರಡೂಕಿಂತ ಮೊದಲ ಒಮ್ಮಿ ನೋಡಬೇಕಂದೆ," ಎಂದ ನರಸಿಂಗ. "'ನಾಲ್ಕೂ ನಾನೇ ಬಿಗಿದೀನಿ' ಅಂತ ನಕ್ಕೊಂತ ನಿಂತಿದ್ದಿ. ನಾ ಮತ್ತ ನೋಡಿದರ ನಿನ್ನ ಮಾರಿ ಸಣ್ಣದಾಗ್ತದ ಅಂತ ಬಿಟ್ಟೆ. ನಿನ್ನ ಮ್ಯಾಲಿನ ಜೀವಕ್ಕ ಪಂಢರಿ ಜೀವ ಹೋಯ್ತು. ಇದು ನಿನ್ನ ತಪ್ಪಲ್ಲ, ನಂದು. ಯಾರಿಗೂ ಹೇಳಬ್ಯಾಡ. ನಿಮ್ಮಪ್ಪಗ ಈಗ ನೀ ಒಬ್ಬಾಕೀನೇ ಉಳದೀದಿ. ನಾ ನಾಳಿ ಹೋಗ್ತೇನಿ, ಮುಗೀತು."

ಸುಮ್ಮನಿದ್ದರೆ ತಂದೆ ಉಳಿಯುತ್ತಾನೆ, ಇವನು ಕೊಲೆಗಾರನಾಗಿ ಊರು ಬಿಡುತ್ತಾನೆ. ಬಾಯಿ ಬಿಟ್ಟರೆ ತಂದೆಯ ಪಾಲಿಗೆ ಮಗಳೂ ಸತ್ತ ಹಾಗೆ. ಅತ್ತ ದರಿ, ಇತ್ತ ಪುಲಿ. ಆಕೆ ಬಹಳ ಹೊತ್ತು ಯೋಚಿಸಲಿಲ್ಲ. ಎದ್ದು ಮನೆಗೆ ನಡೆದಳು.

ಕಾಶೀರಾಮ ಕಟ್ಟೆಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದ. ಅವಳು ಅವನ ಕಾಲ ಬಳಿ ಕುಳಿತು ಎಲ್ಲ ಹೇಳಿದಳು, ಒಂದನ್ನೂ ಮುಚ್ಚಿಡಲಿಲ್ಲ. ಹಗ್ಗ ಅವನ ಕೈಯಲ್ಲೇ ಬಿಚ್ಚಿಕೊಳ್ಳುತ್ತ ಹೋಯಿತು. ಮುದುಕ ಬೈಯಲಿಲ್ಲ, ಹೊಡೆಯಲಿಲ್ಲ. ಹೊಡೆದಿದ್ದರೆ ಎಷ್ಟು ಚೆನ್ನಾಗಿತ್ತು!

ಮರುದಿನ ರೈಲಿನ ಹೊತ್ತಿಗೆ ಅವನು ಮಗಳ ಎರಡು ಸೀರೆಗಳನ್ನು ಗಂಟು ಕಟ್ಟಿ, ಅವಳ ಕೈ ಹಿಡಿದುಕೊಂಡು ಹೋಗಿ ನರಸಿಂಗನ ಬಾಗಿಲಲ್ಲಿ ನಿಲ್ಲಿಸಿದ.

"ಇಕಿನ್ನ ಕರ್ಕೊಂಡು ಹೋಗು. ಹಾರ ಹಾಕ್ತಿಯೋ, ತಾಳಿ ಕಟ್ತಿಯೋ, ನಿನಗ ಬಿಟ್ಟದ್ದು," ಎಂದ. "ಇಬ್ಬರೂ ಚಂದ ಇರ್ರಿ. ನನ್ನ ಕಣ್ಣಿಗಿ ಮಾತ್ರ ಬೀಳಬ್ಯಾಡ್ರಿ."

ನಲವತ್ತು ದಿನ ತಾನು ಮನಸ್ಸಿನಲ್ಲೇ ಬಯ್ದವನ ಕೈಯನ್ನು ಜಿಜಾಬಾಯಿ ತಂದೆಯ ಎದುರಿಗೇ ಹಿಡಿದಳು. ಬಯಸಿದ್ದೆಲ್ಲ ಸಿಕ್ಕಿತ್ತು, ಹೀಗೆ ಸಿಗಬೇಕೆಂದು ಯಾರು ಬಯಸಿದ್ದರು?

"ಅಪ್ಪಾ," ಎಂದಳು ಅಳುತ್ತ, "ಭಾಲ್ಕಿ ಮುಟ್ಟಿದ ಮ್ಯಾಲ ಕಾಗದ ಹಾಕ್ತೇನಿ."

ಕಾಶೀರಾಮ ಆಗಲೇ ತಿರುಗಿ ನಾಲ್ಕು ಹೆಜ್ಜೆ ನಡೆದಿದ್ದ. ನಿಂತ, ಆದರೆ ಹೊರಳಿ ನೋಡಲಿಲ್ಲ.

"ಬ್ಯಾಡವ್ವಾ," ಎಂದ. "ಓದಿ ಹೇಳಾಂವ ಪಂಢರಿ ಇದ್ದ."