ಬಿದ್ದದ್ದು ಯಾರದು

"ಜರಡಿ ಮಾಡ್ಕೋ, ಬೇಡ ಅನ್ನಲ್ಲ. ಆದ್ರೆ ಹಳೇ ಇಟ್ಟಿಗೆಗೂಡಿನ ಮಣ್ಣಿಗೆ ಮಾತ್ರ ಹೋಗಬೇಡಪ್ಪ," ಎಂದ ತಂತಿಬಲೆ ಅಂಗಡಿಯ ಮುದುಕ, ಕಾಲಿಂಚು ಕಣ್ಣಿನ ಬಲೆಯನ್ನು ಕತ್ತರಿಸುತ್ತ.

ಗಡಿಯಾರ ರಿಪೇರಿಯವನು ನಕ್ಕ. ಊರಿಗೆ ಬಂದು ಎರಡು ತಿಂಗಳಾಗಿತ್ತಷ್ಟೇ. ಹಳೆಯ ಅಂಗಿಗುಂಡಿ, ನಾಣ್ಯ, ಕಲ್ಲಾಗಿಹೋದ ಚಿಪ್ಪು, ಹೀಗೆ ಮಣ್ಣಲ್ಲಿ ಹುದುಗಿದ್ದನ್ನು ಹೆಕ್ಕುವ ಹುಚ್ಚು ಅವನಿಗೆ. "ಯಾಕಜ್ಜ, ಅಲ್ಲಿ ದೆವ್ವ ಇದ್ಯಾ?"

"ದೆವ್ವ ಆಗಿದ್ರೆ ಓಡಿಸಬಹುದಿತ್ತು. ಇದು ಮಾಟ." ಮುದುಕ ಕತ್ತರಿ ಕೆಳಗಿಟ್ಟ. "ಗೂಡು ನಮ್ಮಪ್ಪಂದು. ಒಬ್ಬಳು ಹೆಂಗಸು ಅಲ್ಲಿ ಮಣ್ಣು ಜರಡಿ ಹಿಡೀತಿದ್ದಳು. 'ಬಿದ್ದದ್ದು ನಮ್ದು, ನಿಂತದ್ದು ನಿಂದು' ಅಂತ ಅಪ್ಪ ದಿನಾ ಅವಳನ್ನ ಆಡ್ಕೊಳ್ಳೋನು. ಬೀಳೋದು ನುಣ್ಣನೆ ಮಣ್ಣು, ನಿಲ್ಲೋದು ಬರೀ ಕಲ್ಲು ನೋಡು. ಒಂದಿನ ಅವಳ ಮಗಳು ಮಣ್ಣಿನ ಗುಂಡಿಗೆ ಬಿದ್ದಳು. ದಂಡೆ ಕುಸೀತು. ಅಗೀರಿ ಅಂತ ತಾಯಿ ಗೋಗರೆದಳು. ಕೆಲಸ ಕೆಡುತ್ತೆ ಅಂತ ಅಪ್ಪ ಅಗೆಸಲಿಲ್ಲ. ಅದೇ ಮಾತು ಅಂದ. ಬಿದ್ದದ್ದು ನಮ್ದು ಅಂತ."

ಕಿರಾತಕ ಅಂದರೆ ಅವನೇ! ಆದರೆ ಆ ತಾಯಿ ಅಳುತ್ತ ಕೂರಲಿಲ್ಲ. ತನ್ನ ಜರಡಿಗೆ ತಲೆಗೂದಲು ಸುತ್ತಿ, ಕೈ ಕೊಯ್ದುಕೊಂಡು ರಕ್ತ ಸುರಿದು, ಗೂಡಿನ ಪಕ್ಕದ ಮಣ್ಣಿನ ಗುಡ್ಡೆಯಲ್ಲಿ ಹೂತಳಂತೆ. ಇಲ್ಲಿ ಜರಡಿ ಹಿಡಿದವನ ಮನೆಯಲ್ಲಿ ಬಿದ್ದದ್ದೆಲ್ಲ ಇನ್ನು ನನ್ನದು ಎಂದಳಂತೆ. ವರ್ಷದೊಳಗೆ ಮುದುಕನ ಅಪ್ಪ, ಇಬ್ಬರು ಅಣ್ಣಂದಿರು ಮಾಯವಾದರು.

"ನಮ್ಮನೇಲಿ ಬೀಳೋದು ನನ್ನ ಹೆಂಡತಿ ಕೈಯಿಂದ ಪಾತ್ರೆ ಮಾತ್ರ. ಬೇಕಾದ್ರೆ ತಗೊಂಡು ಹೋಗ್ಲಿ ಬಿಡಜ್ಜ," ಎಂದು ರಿಪೇರಿಯವನು ಬಲೆ ಸುತ್ತಿಕೊಂಡು ಹೊರಟ.

ಹಳೆಯ ಬಾಗಿಲಿನ ಹಲಗೆ ಕೊಯ್ದು ಚೌಕಟ್ಟು ಹೂಡಿದ. ಬಲೆಯನ್ನು ಬಿಗಿಯಾಗಿ ಎಳೆದು ಮೊಳೆ ಹೊಡೆದ. ತಂತಿಯ ತುದಿ ಕೈಗೆ ಚುಚ್ಚದಂತೆ ಮೇಲೆ ಮರದ ಪಟ್ಟಿ ಕೂರಿಸಿದ. ಆರು ವರ್ಷದ ಮಗಳು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, ಮುಂದಿನ ಹಲ್ಲನ್ನು ನಾಲಿಗೆಯಿಂದ ತಳ್ಳುತ್ತ, "ಅಪ್ಪಾ, ನನ್ನ ಹಲ್ಲೂ ನಿನ್ನ ಜರಡಿ ಥರಾನೇ ಅಲ್ಲಾಡುತ್ತೆ," ಎಂದಳು. ಅವನು ಮುದ್ದಿನಿಂದ ಅವಳ ಮೂಗು ಹಿಂಡಿದ.

ರಜೆಯ ದಿನ ನಡುಮಧ್ಯಾಹ್ನ, ಗುಡ್ಡೆಯ ಪಕ್ಕ ಮೂರು ಬೊಂಬು ನಿಲ್ಲಿಸಿ, ಹಗ್ಗದಲ್ಲಿ ಜರಡಿ ತೂಗುಬಿಟ್ಟ. ಸುಟ್ಟ ಮಣ್ಣಿನ ವಾಸನೆ. ಅದರಡಿ ಇನ್ನೊಂದು, ಕೂದಲು ಕಮರಿದಂಥ ವಾಸನೆ. ಬುಟ್ಟಿ ಸುರಿದ. ಅಲ್ಲಾಡಿಸಿದ. ಜರ್ರ್, ಜರ್ರ್. ಬಲೆಯ ಮೇಲೆ ಒಂದು ತಾಮ್ರದ ಗುಂಡಿ ನಿಂತಿತು. ಒಂದು ಕಲ್ಲುಚಿಪ್ಪು. ಆಮೇಲೆ ಒಂದು ಪುಟ್ಟ ಹಲ್ಲು. ಯಾವುದೋ ಮರಿಪ್ರಾಣಿಯದಿರಬೇಕೆಂದು ಜೇಬಿಗಿಳಿಸಿ, ಗುಡ್ಡೆಯತ್ತ ಕೈಮುಗಿದು ಕೂಗಿದ: "ಬಿದ್ದದ್ದು ನಿಂದೇ ತಾಯಿ, ನಿಂತದ್ದು ನಂದು!"

ಕೆಳಗೆ ನೋಡಿದ. ಇಪ್ಪತ್ತು ಬುಟ್ಟಿ ಜರಡಿ ಹಿಡಿದಿದ್ದ, ಆದರೆ ಜರಡಿಯ ಅಡಿಯಲ್ಲಿ ಒಂದು ಹಿಡಿ ಮಣ್ಣೂ ಇರಲಿಲ್ಲ. ಗಾಳಿಗೆ ಹಾರಿಹೋಗಿರಬೇಕು ಎಂದುಕೊಂಡ. ಒಂದೆಲೆಯೂ ಅಲುಗುತ್ತಿರಲಿಲ್ಲ.

ಸಂಜೆ ಮಗಳ ಹಲ್ಲು ಬಿತ್ತು. ನೆಲಕ್ಕೆ ಬಡಿದ ಸದ್ದು ಮೂವರಿಗೂ ಕೇಳಿಸಿತು. ಅವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮೂಲೆ ಮೂಲೆ ತಡಕಿದ. ಹಲ್ಲಿಲ್ಲ.

ಮರುದಿನ ಮಗುವಿನ ದನಿ ಬಿದ್ದುಹೋಗಿತ್ತು. ಶೀತ, ಸರಿಹೋಗುತ್ತೆ ಎಂದರು ಡಾಕ್ಟರು.

ಮೂರನೆಯ ದಿನ ಅಂಗಳದ ಬಿಸಿಲಲ್ಲಿ ಹೆಂಡತಿ ಕಿರುಚಿಕೊಂಡಳು. ಕೊಡದ ನೆರಳು ಬಿದ್ದಿತ್ತು, ಅವಳ ನೆರಳು ಬಿದ್ದಿತ್ತು. ಮಗುವಿನದು ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮಗು ಮಲಗಿದಲ್ಲೇ ಮಂಚದ ಅಂಚಿಗೆ ಜಾರತೊಡಗಿತು. ನಡುವಿಗೆ ಎಳೆದರೆ ಮತ್ತೆ ಜಾರುತ್ತಿತ್ತು. ಕೆಳಗಿನಿಂದ ಯಾರೋ ಸೆಳೆಯುತ್ತಿದ್ದರು.

"ಬಿಡಬೇಡ ಕಣೇ! ಬಿದ್ರೆ ಹೋದಳು! ಗಟ್ಟಿಯಾಗಿ ಹಿಡ್ಕೋ!" ಎಂದವನೇ ಅಂಗಡಿಗೆ ಓಡಿದ.

ಮುದುಕ ಅವನ ಮುಖ ನೋಡಿಯೇ ಎದ್ದುನಿಂತ. "ನಿಂತದ್ದನ್ನ ವಾಪಸ್ ಕೊಡು. ನಿಂತ್ಕೊಂಡೇ ಕೊಡು. ಅವಳು ಏನು ಮಾಡಿದ್ರೂ ನಿಂತಿರು. ನಿಂತೇ ವಾಪಸ್ ಬಾ. ಕೇಳಿಸ್ತಾ?"

ಮುಸ್ಸಂಜೆ. ಗುಡ್ಡೆಯ ಪಕ್ಕ ಬಿಟ್ಟುಬಂದಿದ್ದ ಜರಡಿ ತಾನಾಗಿ ತೂಗುತ್ತಿತ್ತು. ಜರ್ರ್, ಜರ್ರ್. ಗುಂಡಿ, ಚಿಪ್ಪು, ಹಲ್ಲು, ಮೂರನ್ನೂ ಬಲೆಯ ಮೇಲಿಟ್ಟ. ಜರಡಿ ನಿಂತಿತು. ಕಮರಿದ ಕೂದಲ ವಾಸನೆ ಗಂಟಲಿಗಿಳಿಯಿತು. ಆಚೆಗೆ ಎರಡು ಪಾದ ಕಂಡವು. ಹಸಿ ಮಣ್ಣು ಮೆತ್ತಿದ ಪಾದ. ಮೇಲೆ ನೋಡುವ ಧೈರ್ಯ ಬರಲಿಲ್ಲ.

"ಈ ಹಲ್ಲು ನಿಮ್ಮ ಮಗಳದು. ತಗೊಳ್ಳಿ. ನನ್ನ ಮಗಳನ್ನ ಬಿಡಿ."

ಬಲೆಯ ಕಣ್ಣುಗಳೊಳಗಿನಿಂದ ಒಂದು ದನಿ ಎದ್ದಿತು. ಅವನ ಮಗಳದೇ ದನಿ. ಕಳೆದುಹೋಗಿದ್ದ ದನಿ.

"ಅಪ್ಪಾ, ಬೀಳ್ತಿದೀನಿ!"

ತಪ್ಪಾಯ್ತು ತಾಯಿ, ತಪ್ಪಾಯ್ತು ಎನ್ನುತ್ತ ಆ ಕಾಲಿಗೆ ಬಿದ್ದ. ಹಣೆಗೆ ಮಣ್ಣು ತಾಗಿತು. ಆಗ ನೆನಪಾಯಿತು. ಏಳಲು ನೋಡಿದ. ಮಣ್ಣು ಬಿಡಲಿಲ್ಲ.

"ನಾನೂ ಹೀಗೇ ಕಾಲಿಗೆ ಬಿದ್ದಿದ್ದೆ," ಎಂದಿತು ಮೇಲಿನಿಂದ ಒಂದು ಒಣ ಸ್ವರ. "ಬಿದ್ದದ್ದು ನಂದು."

ಜರ್ರ್. ಜರ್ರ್. ಜರ್ರ್.

ಅದೇ ಗಳಿಗೆಗೆ ಮನೆಯಲ್ಲಿ ಮಗು ಎದ್ದು ಕೂತು, "ಅಮ್ಮಾ, ಹಸಿವು," ಎಂದಿತಂತೆ. ದೀಪದ ಬೆಳಕಿಗೆ ಗೋಡೆಯ ಮೇಲೆ ಅದರ ನೆರಳೂ ಇತ್ತು.

ಬೆಳಿಗ್ಗೆ ಮುದುಕ ಅವನ ಹೆಂಡತಿಯನ್ನು ಗುಡ್ಡೆಗೆ ಕರೆದುಕೊಂಡು ಹೋದ. ಜರಡಿಯ ಮೇಲೆ ತಾಮ್ರದ ಗುಂಡಿ, ಚಿಪ್ಪಿನ ಜೊತೆಗೆ ಅವನ ಭೂತಗನ್ನಡಿ, ಮನೆಯ ಕೀಲಿಕೈ, ಆರು ಅಂಗಿಗುಂಡಿ ನಿಂತಿದ್ದವು. ಆ ಪುಟ್ಟ ಹಲ್ಲು ಇರಲಿಲ್ಲ. ಕೆಳಗೆ ಒಂದು ಹಿಡಿ ಮಣ್ಣೂ ಇರಲಿಲ್ಲ. ಅವಳು ಕುಸಿಯಹೋದಳು. ಮುದುಕ ರಟ್ಟೆಗೆ ಕೈಕೊಟ್ಟು ಬಿಗಿಯಾಗಿ ಹಿಡಿದ.

"ನಿಲ್ಲಮ್ಮ. ಬೀಳಬೇಡ. ಮನೇಲಿ ಮಗು ಇದೆ. ಅಳೋದಾದ್ರೆ ನಿಂತ್ಕೊಂಡೇ ಅಳು."

ಅವಳು ನಿಂತೇ ಅತ್ತಳು. ಒಂದು ಹನಿಯೂ ಆ ಮಣ್ಣಿಗೆ ಬೀಳದಂತೆ, ಎರಡೂ ಅಂಗೈಗಳನ್ನು ಗಲ್ಲದಡಿ ಬೊಗಸೆ ಹಿಡಿದುಕೊಂಡು.