ಹಸಿರು ಸ್ವೆಟರಿನ ಮೊಲ

"ಇನ್ನೊಂದ್ಸಲ ಲೈಸೆನ್ಸ್ ಅಂದ್ರೆ ಕೈ ಬಿಟ್ಬಿಡ್ತೀನಿ."

"ಲೈಸೆನ್ಸ್," ಅಂದೆ.

ನನ್ನ ಬಾಯೇ ನನಗೆ ಶತ್ರು. ಮೂರನೇ ಮಹಡಿಯ ಕಿಟಕಿಯಾಚೆ ತಲೆಕೆಳಗಾಗಿ ತೂಗುತ್ತಿದ್ದೆ. ಕಾಲೆರಡೂ ಸೆಕ್ಯುರಿಟಿಯವನ ಮುಷ್ಟಿಯಲ್ಲಿ. ಆಫೀಸಿನವರೆಲ್ಲ ಅವನನ್ನು ಗೋಡೆ ಎನ್ನುತ್ತಿದ್ದರು. ಸುಮ್ಮನೆ ಅಲ್ಲ.

ಇದಕ್ಕೆಲ್ಲ ಮೂಲ ನಮ್ಮ ಭಾವ. ಅಕ್ಕ ಮಕ್ಕಳ ಪುಸ್ತಕಗಳಿಗೆ ಕತ್ತೆಗಳ ಚಿತ್ರ ಬಿಡಿಸುತ್ತಾಳೆ. ಅವನ್ನು ಕದ್ದು ಚಿತ್ರ ಬಿಡಿಸುವ ಎಐ ಮಷೀನಿಗೆ ಕಲಿಸುವವರು ಹೆಚ್ಚಾದಾಗ ಭಾವ ಒಂದು ಸಾಫ್ಟ್‌ವೇರ್ ಬರೆದರು. ಚಿತ್ರಕ್ಕೆ ಅದನ್ನು ಹಚ್ಚಿದರೆ ನಮಗೆ ಕತ್ತೆ ಕತ್ತೆಯೇ. ಮಷೀನಿಗೆ ಮಾತ್ರ ಸೋಫಾ! ಭಾವ ಅದನ್ನು ಊರಿಗೆಲ್ಲ ಬಿಟ್ಟಿ ಹಂಚಿದರು. ಲೈಸೆನ್ಸಿನಲ್ಲಿ ಒಂದೇ ಷರತ್ತು. ಇದನ್ನು ತಿದ್ದಿ ಮಾರುವವರು ತಿದ್ದಿದ ಕೋಡನ್ನೂ ಎಲ್ಲರೆದುರು ತೆರೆದಿಡಬೇಕು.

ಈ ಕಂಪನಿ ತಿದ್ದಿತು. 'ಕವಚ' ಎಂದು ಹೆಸರಿಟ್ಟು ಮಾರಿತು. ಕೋಡ್ ಬಚ್ಚಿಟ್ಟಿತು.

ಕೇಳಲು ಬಂದವನು ನಾನು. ಇವನನ್ನು ಆಚೆ ಹಾಕು ಎಂದು ಕಂಪನಿಯ ಯಜಮಾನರು ಗೋಡೆಗೆ ಹೇಳಿದ್ದರು.

"ಯಾಕೆ ಬಚ್ಚಿಟ್ರು ಗೊತ್ತಾ?" ಎಂದೆ. "ಕವಚಕ್ಕೆ ತೂತು ಕೊರೆದಿದಾರೆ. ಭಾವ ಪರೀಕ್ಷೆ ಮಾಡಿ ನೋಡಿದ್ರು. ಬೇರೆಯವರ ಮಷೀನಿಗೆ ಸೋಫಾ... ಇವರ ಸ್ವಂತ ಮಷೀನಿಗೆ ಮಾತ್ರ ಕತ್ತೆ ಸ್ಪಷ್ಟವಾಗಿ ಕಾಣುತ್ತೆ."

ಅವನ ಹಿಡಿತ ಸಡಿಲವಾಯಿತು.

"ಗಟ್ಟಿಯಾಗಿ ಹಿಡ್ಕೊಳ್ಳಣ್ಣ!"

"ನಾನೂ ಕವಚ ಹಾಕಿದೀನಿ," ಎಂದ ಗೋಡೆ, ಸಣ್ಣ ದನಿಯಲ್ಲಿ. "ನನ್ನ ಮೊಲಗಳಿಗೆ."

"ಮೊಲ?"

"ರಜಾ ದಿನ ಬಿಡಿಸ್ತೀನಿ. ಇಲ್ಲಿ ಯಾರಿಗೂ ಹೇಳ್ಬೇಡಿ."

ಯಜಮಾನರ ಕೋಣೆಯಲ್ಲಿ ಆಳೆತ್ತರದ ಮೊಲವೊಂದನ್ನು ಆಗಷ್ಟೇ ನೋಡಿದ್ದೆ. ಕಂಪನಿಯ ಮಷೀನಿನ ಹೊಸ ಜಾಹೀರಾತು.

"ಒಂದು ಕಿವಿ ಮಡಚಿರೋದಾ?" ಎಂದೆ. "ಹಸಿರು ಸ್ವೆಟರ್?"

ಕಾಲಿನ ಮೇಲಿನ ಹಿಡಿತ ಬಿಗಿಯಾಯಿತು.

"ಆ ಸ್ವೆಟರ್ ನಮ್ಮಮ್ಮ ಹೆಣೆದಿದ್ದು."

ಒಂದೇ ಎಳೆತಕ್ಕೆ ನಾನು ಒಳಗೆ ಬಿದ್ದಿದ್ದೆ.

ಯಜಮಾನರ ಕೋಣೆಯ ಬಾಗಿಲು ಗೋಡೆಗೆ ಅಡ್ಡ ಬಂತು. ನಷ್ಟ ಬಾಗಿಲಿಗೆ.

"ಸಾರ್, ಆ ಮೊಲ ನಂದು."

"ಹೋಗೋ. ಅದು ಮಷೀನ್ ಬರ್ದಿದ್ದು," ಎಂದರು ಯಜಮಾನರು. ನನ್ನತ್ತ ತಿರುಗಿದರು. "ನಿಮ್ದೇನ್ರೀ? ಫ್ರೀಯಾಗಿ ಸಿಕ್ಕಿದ್ದಕ್ಕೆ ಎಂಥ ಲೈಸೆನ್ಸು?"

ಗೋಡೆ ಅವರನ್ನು ಕುರ್ಚಿಯ ಸಮೇತ ಎತ್ತಿದ. ನಾನು ಫೋನಿನಲ್ಲಿ ಲೈಸೆನ್ಸ್ ತೆಗೆದು ಹಿಡಿದೆ.

"ಜೋರಾಗಿ ಓದಿ ಸಾರ್," ಎಂದ ಗೋಡೆ.

ಓದಿದರು. ಸೂರಿನ ಫ್ಯಾನಿಗೆ ತಲೆ ತಗುಲೀತೆಂದು ಕುತ್ತಿಗೆ ಬಗ್ಗಿಸಿಕೊಂಡು, ಮೊದಲಿಂದ ಕೊನೆಯವರೆಗೆ. ಯಾವುದೇ ಲೈಸೆನ್ಸನ್ನು ಪೂರ್ತಿ ಓದಿದ ಮೊದಲ ಮನುಷ್ಯ ಅವರೇ ಇರಬೇಕು.

ಸಂಜೆಯೊಳಗೆ ಕೋಡ್ ಹೊರಬಿತ್ತು. ತೂತು ಎಲ್ಲರಿಗೂ ಕಂಡಿತು. ಭಾವ ಅದನ್ನು ಮುಚ್ಚಿ ಮತ್ತೆ ಬಿಟ್ಟಿ ಹಂಚಿದರು. ಕವಚ ಕೊಂಡು ಮೋಸ ಹೋದ ಕಲಾವಿದರೆಲ್ಲ ಕಂಪನಿಯ ಗೇಟಿಗೆ ಬಂದು ನಿಂತರು. ತಡೆಯಲು ಸೆಕ್ಯುರಿಟಿ ಇರಲಿಲ್ಲ.

ಗೋಡೆ ಈಗ ಅಕ್ಕನ ಜೊತೆ ಪುಸ್ತಕಗಳಿಗೆ ಚಿತ್ರ ಮಾಡುತ್ತಾನೆ. ಮೊನ್ನೆ ನನ್ನದೂ ಒಂದು ಚಿತ್ರ ಬಿಡಿಸಿಕೊಟ್ಟ. ಮೂತಿ ಅಪ್ಪಟ ಮೊಲದ್ದೇ...

ತುಂಬಾ ಚೆನ್ನಾಗಿದೆ ಅಂದೆ. ನನಗೂ ಹೆಂಡತಿ ಮಕ್ಕಳಿದ್ದಾರೆ.