ನೇರ ರಸ್ತೆಯಲ್ಲಿ ಬಿದ್ದ ಬೈಕು

ಬೈಕು ಬಿದ್ದದ್ದು ತಿರುವಿನಲ್ಲಲ್ಲ, ಗುಂಡಿಯಲ್ಲೂ ಅಲ್ಲ. ಹಾಸಿದ ಹಲಗೆಯಂಥ ನೇರ ರಸ್ತೆಯಲ್ಲಿ, ಹಾಡಹಗಲೇ ಬಿದ್ದಿತ್ತು.

ಸುದ್ದಿ ಕೇಳಿದ ಬಡಗಿ ಕೆಲಸದ ಅಂಗಿಯಲ್ಲೇ ಓಡಿಬಂದ. ಮಗಳು ರಸ್ತೆಯಂಚಿನ ಕಟ್ಟೆಯ ಮೇಲೆ ಕೂತು ಮೊಣಕೈಗೆ ಕರವಸ್ತ್ರ ಒತ್ತಿಕೊಂಡಿದ್ದಳು. ಆಸ್ಪತ್ರೆಯಿಂದ ಪ್ರಯೋಗಾಲಯಕ್ಕೆ ರಕ್ತದ ಸೀಸೆಗಳನ್ನು ಒಯ್ಯುವುದು ಅವಳ ಕೆಲಸ. ಸೀಸೆಗಳ ಡಬ್ಬಿಗೆ ಏನೂ ಆಗಿರಲಿಲ್ಲ.

"ಎಷ್ಟು ಜೋರಾಗಿ ಹೋಗ್ತಿದ್ದೆ?"

"ಇಪ್ಪತ್ತರಲ್ಲಿ. ಸಿಗ್ನಲ್ ಬಂತು ಅಂತ ನಿಧಾನ ಮಾಡಿದ್ದೆ ಅಪ್ಪಾ."

ಹಿಂದೆ ಬಂದ ಬಸ್ಸು ಇನ್ನೂ ಅಲ್ಲೇ ನಿಂತಿತ್ತು. ಅದರ ಚಕ್ರ ಎಳೆದ ಕಪ್ಪು ಗೆರೆ ಮುಗಿದಲ್ಲಿಂದ ಮಗಳ ತಲೆ ಬಿದ್ದಿದ್ದ ಜಾಗಕ್ಕೆ ಒಂದು ಮೊಳ ದೂರ. ಬಡಗಿಗೆ ಜೀವಮಾನವೆಲ್ಲ ಅಳೆಯುವುದೇ ಕೆಲಸ. ಆ ಒಂದು ಮೊಳವನ್ನು ಮಾತ್ರ ಎರಡನೇ ಸಲ ನೋಡಲಾಗಲಿಲ್ಲ.

ಇದು ಯಾರದೋ ಕೈವಾಡ ಎಂದು ಅವನಿಗೆ ಖಾತ್ರಿಯಾಗಿತ್ತು. ಬೈಕು ಹಳೆಯದು ನಿಜ, ಮಗಳಿಗಿಂತ ಐದು ವರ್ಷ ದೊಡ್ಡದು. ತಿಂಗಳ ಹಿಂದೆ ಮುಂಭಾಗ ಅಲುಗಾಡತೊಡಗಿತ್ತು. ಅದಕ್ಕೇ ಹೊಸ ಟೈರು ಹಾಕಿಸಿದ್ದ. ಅವಳು ಹೊರಡುವ ಮೊದಲು ದಿನವೂ ಗಾಳಿ ಒತ್ತಿ ನೋಡುತ್ತಿದ್ದ, ಬ್ರೇಕು ಹಿಡಿದು ನೋಡುತ್ತಿದ್ದ, ಹ್ಯಾಂಡಲಿನ ಬುಡದ ನಟ್ಟು ಬಿಗಿ ಮಾಡುತ್ತಿದ್ದ. ಇಷ್ಟು ಜೋಪಾನ ಮಾಡಿದರೂ ಗಾಡಿ ನೇರ ರಸ್ತೆಯಲ್ಲಿ ಬೀಳುತ್ತದೆಂದರೆ? ಅವನು ಬೆಳಿಗ್ಗೆ ಸರಿಪಡಿಸಿದ್ದನ್ನು ಯಾರೋ ಆಮೇಲೆ ಕೆಡಿಸುತ್ತಿದ್ದಾರೆ. ಮನೆಯಲ್ಲಿದ್ದವರು ಅಪ್ಪ ಮಗಳು ಇಬ್ಬರೇ. ಅವಳಿಗೇನಾದರೂ ಆದರೆ—ಮುಂದಕ್ಕೆ ಯೋಚನೆ ಹೋಗಲಿಲ್ಲ.

ಬೈಕನ್ನು ತಳ್ಳಿಕೊಂಡು ಗ್ಯಾರೇಜಿಗೆ ಹೋದರು. ಗ್ಯಾರೇಜಿನ ಒಡತಿಗೆ ಅರವತ್ತು ದಾಟಿತ್ತು. ಬೀದಿಯವರೆಲ್ಲ ಅವಳನ್ನು ಸ್ಪ್ಯಾನರಕ್ಕ ಎನ್ನುತ್ತಿದ್ದರು.

"ಅಕ್ಕ, ಯಾರೋ ಬೇಕಂತಲೇ ಮಾಡಿದ್ದಾರೆ. ಪೊಲೀಸರ ಹತ್ರ ಹೋಗ್ತೀನಿ."

"ಹೋಗು. ಅವರು ಬಂದು ನನ್ನನ್ನೇ ಕೇಳ್ತಾರೆ. ಅದಕ್ಕಿಂತ ಮೊದಲು ಗಾಡೀನ ಕೇಳೋಣ."

ಬಡಗಿಯ ಅನುಮಾನ ಇಬ್ಬರ ಮೇಲೆ. ಒಬ್ಬ, ಹೊಸ ಟೈರು ಕೂರಿಸಿದ್ದ ಎದುರು ಅಂಗಡಿಯ ಟೈರಿನವನು. ಇನ್ನೊಬ್ಬ, ಮಗಳ ಜೊತೆ ಕೆಲಸ ಮಾಡುವ ಹುಡುಗ. ಅವಳು ಸೀಸೆ ಒಯ್ಯುವ ದಾರಿ ತನಗೆ ಸಿಗಲೆಂದು ಅವನಿಗೆ ಆಸೆಯಿತ್ತು, ಗಾಡಿಯನ್ನೂ ಅವಳ ಗಾಡಿಯ ಪಕ್ಕದಲ್ಲೇ ನಿಲ್ಲಿಸುತ್ತಿದ್ದ.

ಸ್ಪ್ಯಾನರಕ್ಕ ಟೈರಿನವನನ್ನು ಕರೆಸಿದಳು. ಅವನು ಬಂದವನೇ ಕೆಂಡವಾದ. ತಾನು ಕೂರಿಸಿದ ಚಕ್ರ ಒಂದು ಕೂದಲೆಳೆ ವಾಲಿದ್ದರೂ ಮೀಸೆ ಬೋಳಿಸಿಕೊಳ್ಳುತ್ತೇನೆ ಎಂದ. ಸ್ಪ್ಯಾನರಕ್ಕ ಮುಂಭಾಗವನ್ನು ನೆಲದಿಂದೆತ್ತಿ ನಿಲ್ಲಿಸಿ, ಚಕ್ರವನ್ನು ತಿರುಗಿಸಿ, ಅಂಚಿಗೆ ಸೀಮೆಸುಣ್ಣ ಹಿಡಿದಳು. ಸುತ್ತಲೂ ಒಂದೇ ಸಮನೆ ಗೆರೆ ಬಿತ್ತು. ಚಕ್ರವನ್ನು ಅಡ್ಡಡ್ಡ ಜಗ್ಗಿದಳು. ಅಲುಗಲಿಲ್ಲ.

"ನಿನ್ನ ಮೀಸೆ ಉಳೀತು, ಹೋಗು." ನಂತರ ಮಗಳ ಕಡೆ ತಿರುಗಿದಳು. "ಆ ಹುಡುಗ?"

ಅವನು ಎಂಟು ದಿನದಿಂದ ರಜೆಯ ಮೇಲೆ ಊರಲ್ಲೇ ಇಲ್ಲವೆಂದು ಮಗಳು ಹೇಳಿದಳು.

"ಈ ಎಂಟು ದಿನ ಗಾಡಿ ಹೇಗಿತ್ತು?"

"ಇನ್ನೂ ಕೆಟ್ಟಿತು."

ಬಡಗಿ ಮನೆಯ ದಿಕ್ಕಿಗೆ ತಿರುಗಿದ. ಹಾಗಾದರೆ ಕೆಲಸದ ಜಾಗದಲ್ಲಲ್ಲ. ಮನೆಯಂಗಳದಲ್ಲೇ. ಬೀಗವಿಲ್ಲದ ಗೇಟು ತೆಗೆದು, ತಾವು ಮಲಗಿದ್ದಾಗ, ಯಾರೋ ಒಳಗೆ ಬರುತ್ತಿದ್ದಾರೆ!

ಸ್ಪ್ಯಾನರಕ್ಕ ಮುಂದಿನ ಚಕ್ರವನ್ನು ಹಿಡಿದ ಫೋರ್ಕಿನ ಎರಡು ಕಾಲುಗಳನ್ನೂ ಹಿಡಿದು ಹಿಂದೆ ಮುಂದೆ ಎಳೆದಳು. ಒಂದಿಷ್ಟೂ ಸಡಿಲವಿರಲಿಲ್ಲ. ಅಲ್ಲೇ ಕುಕ್ಕರುಗಾಲಲ್ಲಿ ಕೂತು ಕೇಳಿದಳು:

"ಒಂದು ತಿಂಗಳಿಂದ ಒಂದೇ ಥರಾ ಆಗ್ತಿತ್ತಾ?"

ಮಗಳು ಅಪ್ಪನ ಮುಖ ನೋಡಿದಳು.

"ಇಲ್ಲ. ಮೊದಮೊದಲು ಐವತ್ತು ದಾಟಿದ್ಮೇಲೆ ಕೈ ಸಡಿಲ ಬಿಟ್ರೆ ಹ್ಯಾಂಡಲ್ ಗಡಗಡ ನಡುಗೋದು. ಬ್ರೇಕ್ ಹಾಕಿದ್ರೆ ಟಕ್ ಅನ್ನೋದು. ಆಮೇಲೆ ಅದು ನಿಂತೇ ಹೋಯ್ತು."

"ಆಮೇಲೆ?"

"ಆಮೇಲೆ ನಿಧಾನವಾಗಿ ಹೋದ್ರೆ ಕುಡಿದವರ ಥರ ಓಲಾಡೋಕೆ ಶುರುವಾಯ್ತು. ನೇರ ಮಾಡೋಕೆ ಹೋದ್ರೆ ಹಿಡ್ಕೊಳ್ತಿತ್ತು, ಜೋರಾಗಿ ತಿರುಗಿಸಿದ್ರೆ ಆ ಕಡೆಗೆ ವಾಲ್ತಿತ್ತು."

"ಅಪ್ಪನಿಗೆ ಹೇಳಿದ್ಯಾ?"

"ಟಕ್ ಅನ್ನೋದು ನಿಂತಿದ್ದನ್ನ ಹೇಳ್ದೆ."

ಸ್ಪ್ಯಾನರಕ್ಕ ಎರಡೇ ಬೆರಳಲ್ಲಿ ಹ್ಯಾಂಡಲನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ತಿರುಗಿಸಿದಳು. ಸರಿಯಾಗಿ ನಡುವೆ ಬಂದಾಗ ಅದು ಗುಳಿಯೊಳಗೆ ಬಿದ್ದಂತೆ ನಿಂತಿತು. ಬುಡಕ್ಕೆ ಟಾರ್ಚು ಬಿಟ್ಟಳು. ಮಸಿ ಹಿಡಿದ ದುಂಡು ನಟ್ಟಿನ ಅಂಚಿನಲ್ಲಿ ಹೊಸ ಬೆಳ್ಳಿಯಂತೆ ಹೊಳೆಯುವ ಕಚ್ಚುಗಳು.

"ಎಲ್ಲರೂ ಇದನ್ನ ಒಂದೇ ಕಾಯಿಲೆ ಅಂದ್ಕೊಂಡ್ರಿ. ನಡುಗೋದು ಬೇರೆ, ಓಲಾಡೋದು ಬೇರೆ. ಹ್ಯಾಂಡಲಿನ ಕತ್ತಿನೊಳಗೆ ಕೋನ್‌ಸೆಟ್ ಅಂತ ಇರುತ್ತೆ. ಎರಡು ಬಟ್ಟಲು, ಅದರೊಳಗೆ ಉಕ್ಕಿನ ಗುಂಡುಗಳು. ಸಡಿಲವಾದ್ರೆ ನಡುಗುತ್ತೆ, ಟಕ್ ಅನ್ನುತ್ತೆ. ಅತಿಯಾಗಿ ಬಿಗಿದ್ರೆ ಗುಂಡುಗಳು ಬಟ್ಟಲಿನಲ್ಲಿ ಗುಳಿ ಕೊರೀತಾವೆ. ಆಗ ಹ್ಯಾಂಡಲ್ ನೇರಕ್ಕೆ ಬಂದು ಸಿಕ್ಕಿಕೊಳ್ಳುತ್ತೆ. ಎರಡು ಚಕ್ರದ ಗಾಡಿ ನಿಲ್ಲೋದೇ ಹ್ಯಾಂಡಲ್ ಆ ಕಡೆ ಈ ಕಡೆ ಒಂದೊಂದು ಎಳೆ ಆಡೋದ್ರಿಂದ. ಅದನ್ನ ಕಟ್ಟಿಹಾಕಿದ್ರೆ ಇಪ್ಪತ್ತರಲ್ಲೂ ಬೀಳುತ್ತೆ."

"ಯಾರು ಅಕ್ಕ?" ಬಡಗಿ ಬಗ್ಗಿ ನೋಡಿದ. "ಯಾರು ಬಿಗಿದಿದ್ದು?"

"ಮೆಕ್ಯಾನಿಕ್ ಆಗಿದ್ರೆ ಕೊಕ್ಕೆ ಸ್ಪ್ಯಾನರ್ ಹಾಕ್ತಿದ್ದ. ಇದು ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದ ಗುರುತು. ಒಂದೇ ಅಗಲ, ಒಂದೇ ಓರೆ, ದಿನಕ್ಕೊಂದು ಪೆಟ್ಟು. ಕೀಲು ಬಿಗಿಯಾದಷ್ಟೂ ಗಟ್ಟಿ ಅನ್ನೋ ಲೆಕ್ಕ ಕುರ್ಚಿಗೆ ಸರಿ, ಗಾಡಿಗಲ್ಲ. ನೀನೇ ಕಣಪ್ಪಾ."

ಬಡಗಿ ತನ್ನ ಅಂಗೈಗಳನ್ನು ನೋಡಿಕೊಂಡ. ಆ ಕೈಗಳೇ ದಿನವೂ ಅವಳನ್ನು ಬಸ್ಸಿನ ಚಕ್ರದತ್ತ ಒಂದೊಂದು ಪೆಟ್ಟು ದೂಡುತ್ತಿದ್ದವು. ಕೂರಲು ಏನೂ ಸಿಗದೆ ನೆಲದ ಮೇಲೇ ಕೂತ.

"ತಪ್ಪು ಇವನೊಬ್ಬನದೇ ಅಲ್ಲ," ಸ್ಪ್ಯಾನರಕ್ಕ ಮಗಳಿಗೆ ಹೇಳಿದಳು. "ಮೊದಲನೇ ಪೆಟ್ಟಿಗೇ ಟಕ್ ನಿಂತಿರುತ್ತೆ. ಅಲ್ಲಿಗೆ ಬಿಟ್ಟಿದ್ರೆ ಸಾಕಾಗಿತ್ತು. ಓಲಾಡೋದನ್ನ ಯಾಕೆ ಮುಚ್ಚಿಟ್ಟೆ?"

"ಅಪ್ಪ ಹೆದರ್ತಾರೆ ಅಂತ."

"ಅವನು ಹೆದರಿದ್ದ. ಅದಕ್ಕೇ ಹೊಡೀತಿದ್ದ."

ಹೊಸ ಕೋನ್‌ಸೆಟ್ಟು ಕೂರಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಸ್ಪ್ಯಾನರಕ್ಕ ನಟ್ಟನ್ನು ಬಿಗಿದು, ಮತ್ತೆ ಸ್ವಲ್ಪ ಹಿಂದಕ್ಕೆ ಬಿಟ್ಟಳು. ಹ್ಯಾಂಡಲು ತನ್ನ ಭಾರಕ್ಕೆ ತಾನೇ ಎಣ್ಣೆಯಂತೆ ಒಂದು ಬದಿಗೆ ಜಾರಿತು.

"ಓಡಿಸಿ ನೋಡು."

"ನಾನು ಮೊದಲು—" ಎಂದ ಬಡಗಿ, ಯಾರೂ ಏನೂ ಹೇಳುವ ಮೊದಲೇ ಸುಮ್ಮನಾದ.

ಮಗಳು ಹೊರಟಳು. ಬೈಕಿನ ಸದ್ದು ಸಣ್ಣಗಾಗಿ, ಮಾಯವಾಗಿ, ಎಷ್ಟೋ ಹೊತ್ತಾದ ಮೇಲೆ ಹಿಂದಿರುಗಿತು. ಅಷ್ಟು ಹೊತ್ತೂ ಅವನು ಬಾಗಿಲ ಚೌಕಟ್ಟು ಹಿಡಿದೇ ನಿಂತಿದ್ದ.

"ಹೇಗಿದೆ?"

ಪರವಾಗಿಲ್ಲಪ್ಪ ಎನ್ನುತ್ತಾಳೆಂದು ಅವನಿಗೆ ಗೊತ್ತಿತ್ತು. ಪ್ರತಿದಿನ ಅವಳು ಹೇಳುತ್ತಿದ್ದುದು ಅದನ್ನೇ. ಅವಳು ಹೆಲ್ಮೆಟ್ ತೆಗೆದಳು.

"ಗಾಡಿ ಸರಿಯಾಗಿದೆ. ಹಿಂದೆ ಬಸ್ಸು ಬಂದಾಗ ಮಾತ್ರ ನನ್ನ ಕೈಯೇ ನಡುಗಿತು. ಭಯ ಆಗುತ್ತಪ್ಪಾ."

ಧೈರ್ಯದ ಮಾತೊಂದು ಬಡಗಿಯ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡ.

"ನನಗೂ," ಎಂದ.